ಕಷ್ಟದ ಪಾಠ ಓದುವುದು ಹೇಗೆ? ಮೊದಲು ಗಂಟು ಎಲ್ಲಿದೆ ನೋಡಿ

"ಏನೂ ಅರ್ಥ ಆಗ್ತಿಲ್ಲ" ಅಂತ ಪುಸ್ತಕ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ಪೆನ್ಸಿಲ್ ತಗೊಳ್ಳಿ. ಆ ಪುಟವನ್ನು ಮೇಲಿನಿಂದ ಒಂದೊಂದೇ ಸಾಲು ಓದುತ್ತಾ ಬನ್ನಿ, ಪ್ರತಿ ಸಾಲಿಗೂ "ಇದು ಗೊತ್ತಾಯ್ತಾ?" ಅಂತ ನಿಮ್ಮನ್ನೇ ಕೇಳಿಕೊಳ್ಳಿ, ಎಲ್ಲಿ "ಇಲ್ಲ" ಅಂತ ಬರುತ್ತೋ ಅಲ್ಲೊಂದು ಗೆರೆ ಎಳೆಯಿರಿ. ಆ ಗೆರೆ ಮೊದಲ ಸಾಲಿಗೇ ಬೀಳುವುದು ಅಪರೂಪ. ಐದಾರು ಸಾಲು ಸಲೀಸಾಗಿ ಹೋಗಿರುತ್ತೆ, ಏಳನೆಯದರಲ್ಲಿ ಏನೋ ಒಂದು ತಡೆದಿರುತ್ತೆ, ಗಂಟು ಅಂತ ನಾನು ಹೇಳುವುದು ಅದಕ್ಕೇ, ಅದನ್ನು ಹಾಗೇ ದಾಟಿ ಮುಂದೆ ಓದಿದ್ದರಿಂದ ಉಳಿದದ್ದೆಲ್ಲ ಕಲಸುಮೇಲೋಗರ ಆಗಿರುತ್ತೆ.

ಈ ಬರಹ ನಮ್ಮ ಉತ್ತರ ಕನ್ನಡ ಜಿಲ್ಲೆಯ ಓದುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿ, ಪಿಯುಸಿ ಸೈನ್ಸಿಗೆ ಅಂತ ಕುಮಟಾಕ್ಕೋ ಕಾರವಾರಕ್ಕೋ ಶಿರಸಿಗೋ ಹೋಗಿ ಮೊದಲ ತಿಂಗಳಲ್ಲೇ ಕಂಗಾಲಾದವರು ಇದ್ದಾರೆ. ಹಗಲು ಕೆಲಸ ಮಾಡಿ ರಾತ್ರಿ ಸಿಎ, ಕೆಎಎಸ್, ಗೇಟ್ ಅಂತ ಕೂರುವವರು ಇದ್ದಾರೆ. ಪರೀಕ್ಷೆಯ ಹಂಗೇ ಇಲ್ಲದೆ, ಸುಮ್ನೆ ತಿಳಿಯಬೇಕು ಅಂತ ವೇದಾಂತವನ್ನೋ ಅರ್ಥಶಾಸ್ತ್ರವನ್ನೋ ಹಿಡಿದು ಕೂತವರೂ ಇದ್ದಾರೆ. ವಿಷಯ ಯಾವುದಾದರೂ ದಾರಿ ಹೆಚ್ಚುಕಮ್ಮಿ ಒಂದೇ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುವಾಗ ನನಗೆ ಮತ್ತೆ ಮತ್ತೆ ಕಂಡದ್ದು ಇಷ್ಟು: ಹಿಂದೆ ಬಿದ್ದ ಮಕ್ಕಳಿಗೆ ತಾವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟೂ ಇರುವುದಿಲ್ಲ.

ಮೊದಲ ಸುತ್ತು ನಿಲ್ಲದೆ

ಹೊಸ ಅಧ್ಯಾಯ ಶುರು ಮಾಡುವಾಗ ಮೊದಲ ಸಾಲಿಗೇ ಜೋತುಬೀಳಬೇಡಿ. ಕಾಲು ಗಂಟೆ ಇಟ್ಟುಕೊಂಡು ಪೂರ್ತಿ ಒಮ್ಮೆ ಕಣ್ಣಾಡಿಸಿ. ತಲೆಬರಹ, ಚಿತ್ರ, ಕೊನೆಯ ಪ್ಯಾರಾ, ಅಭ್ಯಾಸದ ಪ್ರಶ್ನೆಗಳು. ಅರ್ಥವಾಗದಿದ್ದರೆ ಪರವಾಗಿಲ್ಲ, ಈ ಪಾಠ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಅನ್ನುವುದೊಂದು ಗೊತ್ತಾದರೆ ಸಾಕು. ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಎರಡನೇ ಸುತ್ತಿಗೆ ಪೆನ್ಸಿಲ್ ಬರುತ್ತೆ.

ಇದು ಯಾವ ಥರದ ಗಂಟು?

ಗೆರೆ ಎಳೆದಾಯಿತು. ಈಗ ಆ ಸಾಲು ಯಾಕೆ ತಡೆಯಿತು ಅಂತ ನೋಡಬೇಕು. ಎಲ್ಲಾ ಗಂಟೂ ಒಂದೇ ಥರ ಇರೋದಿಲ್ಲ, ಬಿಡಿಸುವ ರೀತಿಯೂ ಒಂದೇ ಅಲ್ಲ.

ಕೆಲವು ಸಲ ಕಷ್ಟ ಇರುವುದು ಬರೀ ಭಾಷೆಯಲ್ಲಿ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಮೊದಲ ವರ್ಷ ಇದೇ ಮುಖ್ಯ ತೊಂದರೆ, ಆದರೆ ಅವರು ಅದನ್ನು "ನನಗೆ ಫಿಸಿಕ್ಸ್ ಬರೋದಿಲ್ಲ" ಅಂತ ಹೇಳಿಕೊಳ್ಳುತ್ತಾರೆ, ನನಗೆ ತುಂಬಾ ಬೇಜಾರಾಗುವುದು ಇದೇ. ಪರೀಕ್ಷೆ ಮಾಡುವುದು ಸುಲಭ. ಆ ಸಾಲನ್ನು ಯಾರಾದರೂ ಕನ್ನಡದಲ್ಲಿ ಹೇಳಲಿ, ಅಥವಾ ನೀವೇ ಡಿಕ್ಷನರಿ ಹಿಡಿದು ಕನ್ನಡದಲ್ಲಿ ಬರೆಯಿರಿ. ಆಗ ಸಲೀಸಾಗಿ ತಲೆಗೆ ಹೋಯಿತು ಅಂದರೆ ನಿಮಗೆ ವಿಷಯ ಬರುತ್ತೆ, ಪದ ಬರುವುದಿಲ್ಲ. ಅದಕ್ಕೆ ಬೇರೆ ನೋಟ್‌ಬುಕ್ ಮಾಡಿ: ಎಡಗಡೆ ಪದ, ಬಲಗಡೆ ಅದರ ಅರ್ಥ ಮತ್ತು ನೀವೇ ಕಟ್ಟಿದ ಒಂದು ಉದಾಹರಣೆ. ಒಂದು ವಿಷಯದಲ್ಲಿ ಪದೇ ಪದೇ ಬರುವ ಪದಗಳು ನೀವು ಅಂದುಕೊಂಡಷ್ಟು ಜಾಸ್ತಿ ಇರೋದಿಲ್ಲ. ಹಳೆಯ ಹತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಪಿಯುಸಿಯ ಎಷ್ಟೋ ಪಾಠದ ಬುಡ ಅದರಲ್ಲಿದೆ.

ಇನ್ನು ಕೆಲವು ಕಡೆ ತಡೆಯುವುದು ಚಿಹ್ನೆ. ಸೂತ್ರದಲ್ಲಿ ಹತ್ತು ಅಕ್ಷರ ಇರುತ್ತೆ, ಯಾವುದು ಬದಲಾಗುತ್ತೆ, ಯಾವುದು ಹಾಗೇ ಇರುತ್ತೆ ಗೊತ್ತಿರುವುದಿಲ್ಲ. ಅಂಥಲ್ಲಿ ಸೂತ್ರವನ್ನು ಬಾಯಲ್ಲಿ ಒಂದು ವಾಕ್ಯವಾಗಿ ಓದಿ. "ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗ ಆಗುತ್ತೆ" ಅನ್ನುವ ಹಾಗೆ. ಹೀಗೆ ಓದಲು ಬಂದರೆ ಚಿಹ್ನೆಯ ಗಂಟು ಬಿಟ್ಟಿತು ಅಂತ ಅರ್ಥ.

ಮೂರನೆಯದು ಜಾಸ್ತಿ ಗೋಳು ಹೊಯ್ಯುವಂಥದ್ದು: ಹಿಂದಿನ ಮೆಟ್ಟಿಲೇ ಇಲ್ಲದಿರುವುದು. ಲಾಗರಿದಮ್ ಗೊತ್ತಿಲ್ಲದೆ ರಸಾಯನಶಾಸ್ತ್ರದ ಪಿಎಚ್ ಲೆಕ್ಕ ಕಲಿಯಲು ಕೂತರೆ ಎಷ್ಟು ಸಲ ಓದಿದರೂ ಆಗೋದಿಲ್ಲ. ಇಲ್ಲಿ ಮುಂದೆ ಓದುವುದು ಸುಮ್ನೆ ಸಮಯ ಹಾಳು. ಹಿಂದೆ ಹೋಗಿ. ಒಂಬತ್ತನೇ ಕ್ಲಾಸಿನ ಪುಸ್ತಕಕ್ಕೆ ಹೋಗಬೇಕಾದರೆ ಅಲ್ಲಿಗೇ ಹೋಗಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಚುರುಕಾಗಿ ಕಲಿಯುವವರನ್ನು ನೋಡಿ "ಅವನ ತಲೆಯೇ ಬೇರೆ" ಅನ್ನುತ್ತೇವಲ್ಲ, ಅದರಲ್ಲೂ ದೊಡ್ಡ ಪಾಲು ಈ ಮೆಟ್ಟಿಲುಗಳದ್ದೇ. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ಒಂದು ಪರೀಕ್ಷೆ ಕೊಟ್ಟರು. ನಿಜವಾದ ಆಟದ ಮಧ್ಯದ ಒಂದು ಮಣೆಯನ್ನು ಐದು ಸೆಕೆಂಡ್ ತೋರಿಸಿ, ಆಮೇಲೆ ಕಾಯಿಗಳನ್ನು ನೆನಪಿನಿಂದ ಇಡಿ ಅಂದರು. ಪಳಗಿದ ಆಟಗಾರ ಹೊಸಬರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಾಯಿ ಸರಿಯಾಗಿ ಇಟ್ಟ. ಆದರೆ ಅದೇ ಕಾಯಿಗಳನ್ನು ಮಣೆಯ ಮೇಲೆ ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಅವನ ಮೇಲುಗೈ ಹೋಯಿತು, ಅವನೂ ಹೊಸಬರಷ್ಟೇ. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದಲ್ಲ, ಹಿಂದೆ ಆಡಿದ ಸಾವಿರಾರು ಆಟದ ಜೋಡಣೆಗಳು ತಲೆಯಲ್ಲಿ ಗುಂಪುಗುಂಪಾಗಿ ಕೂತಿವೆ. ನಿಮ್ಮ ಕ್ಲಾಸಿನಲ್ಲಿ ಬೇಗ ಉತ್ತರ ಹೇಳುವ ಹುಡುಗಿಯದ್ದೂ ಅದೇ ಕತೆ. ಅವಳು ಹಿಂದಿನ ಮೆಟ್ಟಿಲು ಹತ್ತಿ ಬಂದಿದ್ದಾಳೆ, ನೀವೂ ಹತ್ತಬಹುದು.

ನಾಲ್ಕನೆಯದು ವಿಚಾರವೇ ನಿಜಕ್ಕೂ ಕಷ್ಟದ್ದಾಗಿರುವುದು. ಪದ ಗೊತ್ತು, ಚಿಹ್ನೆ ಗೊತ್ತು, ಹಿಂದಿನದ್ದೂ ಗೊತ್ತು, ಆದರೂ ತಲೆಗೆ ಹತ್ತುವುದಿಲ್ಲ. ಮೊದಲ ಮೂರನ್ನು ತೆಗೆದುಹಾಕಿದ ಮೇಲೆ ಇಂಥವು ಒಂದು ಅಧ್ಯಾಯಕ್ಕೆ ಎರಡೋ ಮೂರೋ ಉಳಿಯುತ್ತವೆ, ಅಷ್ಟೆ. ನಿಮ್ಮ ಶಕ್ತಿಯೆಲ್ಲ ಇವುಗಳಿಗೆ ಮೀಸಲಿಡಿ.

ಒಂದು ಗಂಟನ್ನು ಪೂರ್ತಿ ಬಿಡಿಸಿ ನೋಡೋಣ

ನಮ್ಮ ಕಣ್ಣೆದುರಿಗೇ ಇರುವ ವಿಷಯ ತಗೊಳ್ಳೋಣ: ಸಮುದ್ರದ ಉಬ್ಬರ ಇಳಿತ. ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತೆ. ಚಂದ್ರನ ಸೆಳೆತದಿಂದ ನೀರು ಚಂದ್ರನ ಕಡೆಗೆ ಉಬ್ಬುತ್ತದೆ. ಭೂಮಿಯ ಆಚೆ ಬದಿಯಲ್ಲೂ ಉಬ್ಬುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ಉಬ್ಬರ.

ಪೆನ್ಸಿಲ್ ಹಿಡಿದು ಓದಿ. ಮೊದಲ ಮಾತು ಸರಿ. ಎರಡನೆಯದು? ಚಂದ್ರ ಈಚೆ ಇದ್ದಾನೆ, ಎಳೆಯುವುದೂ ಈಚೆಗೆ. ಆಚೆ ಬದಿಯ ನೀರು ಯಾಕೆ ಆಚೆಗೇ ಉಬ್ಬಬೇಕು? ಗೆರೆ ಬೀಳಬೇಕಾದದ್ದು ಇಲ್ಲಿ. ಎಷ್ಟೋ ಜನ ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ತಗೊಂಡು ಹೋಗಿದ್ದಾರೆ, ಇಲ್ಲೊಂದು ಗಂಟಿದೆ ಅಂತ ಅವರಿಗೆ ಗೊತ್ತೇ ಆಗಿಲ್ಲ.

ಈಗ ಆ ಪ್ರಶ್ನೆಯನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ: "ಆಚೆ ಬದಿಯ ನೀರನ್ನು ಆಚೆಗೆ ಎಳೆಯುವವರು ಯಾರು?" ಬರೆದ ಮೇಲೆ ನಿಮಗೆ ಈಗಾಗಲೇ ಗೊತ್ತಿರುವುದರಲ್ಲಿ ಇದಕ್ಕೆ ಸಂಬಂಧಪಟ್ಟದ್ದು ಏನಿದೆ ಅಂತ ಹುಡುಕಿ. ದೂರ ಜಾಸ್ತಿ ಆದಷ್ಟೂ ಸೆಳೆತ ಕಮ್ಮಿ ಆಗುತ್ತೆ, ದೂರದ ವರ್ಗಕ್ಕೆ ತಕ್ಕ ಹಾಗೆ. ಅದು ಗೊತ್ತು. ಹಾಗಾದರೆ ಅಂಕಿ ಹಾಕಿಯೇ ನೋಡೋಣ. ಭೂಮಿಯ ಅರ್ಧವ್ಯಾಸವನ್ನು ಒಂದು ಅಳತೆ ಅಂತ ಇಟ್ಟುಕೊಂಡರೆ ಚಂದ್ರ ಇರುವುದು ಸುಮಾರು 60 ಅಳತೆ ದೂರದಲ್ಲಿ. ಅಂದರೆ ಈಚೆ ಬದಿಯ ನೀರಿಗೆ 59, ಭೂಮಿಯ ನಡುವಿಗೆ 60, ಆಚೆ ಬದಿಯ ನೀರಿಗೆ 61. ನಡುವಿನ ಮೇಲಿನ ಸೆಳೆತವನ್ನು 100 ಅಂದುಕೊಳ್ಳಿ. ಈಚೆ ಬದಿಗೆ 3600ನ್ನು 3481ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 103.4. ಆಚೆ ಬದಿಗೆ 3600ನ್ನು 3721ರಿಂದ ಭಾಗಿಸಿ ಹಾಗೇ ಮಾಡಿದರೆ ಸುಮಾರು 96.7.

ಈ ಮೂರು ಅಂಕಿಯನ್ನು ಒಂದು ನಿಮಿಷ ಸುಮ್ಮನೆ ನೋಡಿ. ಮೂರನ್ನೂ ಚಂದ್ರ ತನ್ನ ಕಡೆಗೇ ಎಳೆಯುತ್ತಿದ್ದಾನೆ. ಆದರೆ ಈಚೆಯ ನೀರು ಭೂಮಿಗಿಂತ ಸ್ವಲ್ಪ ಜಾಸ್ತಿ, ಆಚೆಯ ನೀರು ಭೂಮಿಗಿಂತ ಸ್ವಲ್ಪ ಕಮ್ಮಿ. ಆಚೆ ಬದಿಯ ನೀರನ್ನು ಯಾರೂ ಆಚೆಗೆ ಎಳೆಯುತ್ತಿಲ್ಲ, ಭೂಮಿಯನ್ನು ಎಳೆದಷ್ಟು ಅದನ್ನು ಎಳೆಯುತ್ತಿಲ್ಲ, ಹಾಗಾಗಿ ಅದು ಹಿಂದೆ ಉಳಿಯುತ್ತೆ. ಭೂಮಿಯ ಮೇಲೆ ನಿಂತ ನಮಗೆ ಅದೇ ಉಬ್ಬಿದ ಹಾಗೆ. ಉಬ್ಬರಕ್ಕೆ ಕಾರಣ ಸೆಳೆತ ಅಲ್ಲ, ಸೆಳೆತದಲ್ಲಿರುವ ವ್ಯತ್ಯಾಸ. ಗಂಟು ಬಿಟ್ಟಿತು.

ಬಿಟ್ಟಿದೆ ಅಂತ ನಿಮಗೆ ಅನ್ನಿಸಿದರೆ ಸಾಲದು, ನಿಜಕ್ಕೂ ಬಿಟ್ಟಿದೆಯಾ ಅಂತ ಪರೀಕ್ಷೆ ಮಾಡಬೇಕು. ಅದಕ್ಕೆ ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ನೀವೇ ಹಾಕಿಕೊಳ್ಳಿ. ಕಡಲ ದಂಡೆಯವರಿಗೆಲ್ಲ ಗೊತ್ತು, ಅಮಾವಾಸ್ಯೆಗೂ ಹುಣ್ಣಿಮೆಗೂ ನೀರು ಜಾಸ್ತಿ ಏರುತ್ತೆ. ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಕಡೆ ಇರುತ್ತಾರೆ, ಸರಿ. ಹುಣ್ಣಿಮೆಗೆ ಇಬ್ಬರೂ ಎದುರುಬದುರು. ಬರೀ ಸೆಳೆತದ್ದೇ ಕೆಲಸ ಆಗಿದ್ದರೆ ಒಬ್ಬರು ಎಳೆದದ್ದನ್ನು ಇನ್ನೊಬ್ಬರು ಕಳೆಯಬೇಕಿತ್ತಲ್ವಾ? ವ್ಯತ್ಯಾಸ ಅಂತ ಇಟ್ಟುಕೊಂಡರೆ ಇದಕ್ಕೂ ಉತ್ತರ ಸಿಗುತ್ತೆ. ಚಂದ್ರನಿಂದ ಎರಡೂ ಬದಿ ಉಬ್ಬುತ್ತೆ, ಸೂರ್ಯನಿಂದಲೂ ಎರಡೂ ಬದಿ ಉಬ್ಬುತ್ತೆ, ಎದುರುಬದುರು ನಿಂತರೂ ಉಬ್ಬುಗಳು ಒಂದರ ಮೇಲೊಂದು ಬೀಳುತ್ತವೆ.

ಇನ್ನೊಂದು: ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 180 ಪಟ್ಟು ಜಾಸ್ತಿ. ಆದರೂ ಉಬ್ಬರದಲ್ಲಿ ಚಂದ್ರನದ್ದೇ ಮೇಲುಗೈ, ಯಾಕೆ? ಚಂದ್ರನ ಸೆಳೆತ 100 ಅಂದರೆ ಸೂರ್ಯನದ್ದು 18,000. ಆದರೆ ಸೂರ್ಯ ಇರುವುದು ಸುಮಾರು 23,500 ಅಳತೆ ದೂರದಲ್ಲಿ, ಅಷ್ಟು ದೂರಕ್ಕೆ ಒಂದು ಅಳತೆ ಈಚೆ ಆಚೆ ಆದರೆ ಏನೂ ಆಗೋದಿಲ್ಲ. ಲೆಕ್ಕ ಹಾಕಿದರೆ 18,000ದಲ್ಲಿ ಬರುವ ವ್ಯತ್ಯಾಸ ಒಂದೂವರೆ ಅಷ್ಟೆ. ಚಂದ್ರನ 100ರಲ್ಲಿ ಬಂದದ್ದು ಮೂರಕ್ಕಿಂತ ಜಾಸ್ತಿ. ಅರ್ಧಕ್ಕಿಂತ ಕಮ್ಮಿ ಪಾಲು ಸೂರ್ಯನದ್ದು. ಕ್ಯಾಲ್ಕುಲೇಟರ್ ತಗೊಂಡು ಇದನ್ನು ನೀವೇ ಮಾಡಿ, ನಾನು ಹೇಳಿದ್ದನ್ನು ನಂಬಿ ಮುಂದೆ ಹೋಗಬೇಡಿ.

ಆಮೇಲೆ ಹೊರಗೆ ಹೋಗಿ ನೋಡಿ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು (ಚಿಪ್ಪು) ತೆಗೆಯುವವರನ್ನು ಕೇಳಿದರೆ ನಿನ್ನೆಗಿಂತ ಇವತ್ತು ನೀರು ಇಳಿಯುವುದು ಮುಕ್ಕಾಲು ಗಂಟೆಯ ಮೇಲೆ ತಡ ಅಂತ ಹೇಳುತ್ತಾರೆ. ಎರಡು ಉಬ್ಬರದ ನಡುವೆ 12 ಗಂಟೆ 25 ನಿಮಿಷ, ದಿನಕ್ಕೆ 50 ನಿಮಿಷ ತಡ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತಾನೂ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಅಷ್ಟು ಹೊತ್ತು ಬೇಕು.

ಇಲ್ಲಿಗೂ ಮುಗಿಯುವುದಿಲ್ಲ. ಕಾರವಾರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರ್ ಆಸುಪಾಸು ಅಂತರ ಇರುತ್ತೆ. ಅದೇ ಅರಬ್ಬಿ ಸಮುದ್ರ, ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರ್ ಆಸುಪಾಸು. ಬರೀ ಚಂದ್ರನ ಲೆಕ್ಕದಿಂದ ಇದು ಬರೋದಿಲ್ಲ, ಕೊಲ್ಲಿಯ ಆಕಾರ, ಆಳ ಎಲ್ಲ ಸೇರುತ್ತೆ. ಇನ್ನೊಂದು, ನಮ್ಮಲ್ಲಿ ಒಂದೇ ದಿನದ ಎರಡು ಉಬ್ಬರ ಒಂದೇ ಎತ್ತರ ಇರೋದಿಲ್ಲ. ಅದು ಯಾಕೆ? ಈ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ನೀವು ಕಲಿತದ್ದು ಎಲ್ಲಿಯ ತನಕ ನಡೆಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿರುವುದೂ ಕಲಿಕೆಯ ಭಾಗವೇ.

ಎಲ್ಲ ಸಾಲಿಗೂ ಹೀಗೆ ಮಾಡಲು ಆಗೋದಿಲ್ಲ, ಬೇಕಾಗಿಯೂ ಇಲ್ಲ. ಅಧ್ಯಾಯದ ಆ ಎರಡು ಮೂರು ನಿಜವಾದ ಗಂಟುಗಳಿಗೆ ಮಾಡಿ.

ಪುಸ್ತಕ ಮುಚ್ಚಿ

ಓದಿದ್ದನ್ನೇ ಮತ್ತೆ ಮತ್ತೆ ಓದುವುದು, ಹಳದಿ ಪೆನ್ನಲ್ಲಿ ಗೀಟು ಹಾಕುವುದು, ಇದನ್ನೇ ನಾವೆಲ್ಲ ಓದು ಅಂದುಕೊಂಡಿದ್ದೇವೆ. ಎರಡನೇ ಸಲ ಓದುವಾಗ ಸಲೀಸಾಗಿ ಹೋಗುತ್ತೆ, ಬಂತು ಅನ್ನಿಸುತ್ತೆ. ಆ ಅನ್ನಿಸಿಕೆಯನ್ನು ನಂಬಬೇಡಿ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನುವ ಇಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತೆ. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಲು ಕೊಟ್ಟರು. ಓದಿದ ಮೇಲೆ ಒಂದನ್ನು ಇನ್ನೊಮ್ಮೆ ಓದಿಸಿದರು, ಇನ್ನೊಂದನ್ನು ಮುಚ್ಚಿ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದು ಮುಂದೆ ಇತ್ತು, 81 ಶೇಕಡಾ ನೆನಪು, ಬರೆದದ್ದು 75. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಓದಿದ್ದು 42ಕ್ಕೆ ಇಳಿದಿತ್ತು, ಬರೆದದ್ದು 56ರಲ್ಲಿ ನಿಂತಿತ್ತು. ನಾಳೆ ಬೆಳಿಗ್ಗೆಯೇ ಪರೀಕ್ಷೆ ಇರುವವರು ಏನು ಬೇಕಾದರೂ ಮಾಡಲಿ, ಮುಂದಿನ ತಿಂಗಳಿಗೂ ಉಳಿಯಬೇಕು ಅನ್ನುವವರು ಪುಸ್ತಕ ಮುಚ್ಚಲೇಬೇಕು.

ನಮ್ಮ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿದವರಿಗೆ ಇದು ಬೇಗ ಗೊತ್ತಾಗುತ್ತೆ. ಪಾತ್ರದ ಮಾತು ಆಡುವ ಅರ್ಥಧಾರಿ ಪುಸ್ತಕ ಬಿಚ್ಚಿಕೊಂಡು ಕೂರುವುದಿಲ್ಲ. ಭಾಗವತರು ಪದ್ಯ ಮುಗಿಸುತ್ತಿದ್ದ ಹಾಗೆ ತನ್ನ ಮಾತಿನಲ್ಲಿ ಅರ್ಥ ಹೇಳಬೇಕು, ಎದುರಿನವರು ಅಡ್ಡ ಪ್ರಶ್ನೆ ಹಾಕಿದರೆ ಅಲ್ಲೇ ಉತ್ತರ ಕೊಡಬೇಕು. ಪದ್ಯ ಬಾಯಿಪಾಠ ಬಂದವರೆಲ್ಲ ಅರ್ಥ ಹೇಳಲಾರರು.

ಮಾಡುವ ರೀತಿ ಹೀಗೆ. ಎರಡು ಮೂರು ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದದ್ದನ್ನೆಲ್ಲ ನಿಮ್ಮ ಮಾತಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕನ್ನಡ ಇಂಗ್ಲಿಷ್ ಕಲಸಿದರೂ ಅಡ್ಡಿಯಿಲ್ಲ. ಹತ್ತು ನಿಮಿಷ. ಬರುವುದಿಲ್ಲ ಅನ್ನಿಸಿದಾಗ ತಕ್ಷಣ ಪುಸ್ತಕ ತೆರೆಯಬೇಡಿ, ಸ್ವಲ್ಪ ಒದ್ದಾಡಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಮತ್ತು ತಪ್ಪಾದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಆ ಕೆಂಪು ಸಾಲುಗಳೇ ನಿಮ್ಮ ಹೊಸ ಗಂಟುಗಳು, ಮುಂದಿನ ಸಲ ಅವನ್ನೇ ಮೊದಲು ನೋಡಿ.

ಅಧ್ಯಾಯ ಮುಗಿದ ಮೇಲೆ ಇನ್ನೊಂದು ಅಭ್ಯಾಸ. ನಾಲ್ಕೇ ಸಾಲಲ್ಲಿ ಅದರ ತಿರುಳು ಬರೆಯಿರಿ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕದಲ್ಲಿ ಎಂಥೆಂಥಾ ದೊಡ್ಡ ವಿಷಯ ಹೇಳಿದ್ದಾರೆ. ನಿಮ್ಮದು ಪದ್ಯ ಆಗಬೇಕಾಗಿಲ್ಲ, ಪ್ರಾಸವೂ ಬೇಡ. ಆದರೆ ಅಧ್ಯಾಯವನ್ನು ನಾಲ್ಕು ಸಾಲಿಗೆ ಇಳಿಸಬೇಕಾದರೆ ಯಾವುದು ಮುಖ್ಯ, ಯಾವುದು ಉದಾಹರಣೆ ಅಂತ ನಿರ್ಧಾರ ಮಾಡಲೇಬೇಕಾಗುತ್ತೆ. ಆ ನಿರ್ಧಾರ ಮಾಡಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತ ತಿಳಿಯಿರಿ.

ಲೆಕ್ಕ ಇರುವ ವಿಷಯಗಳಲ್ಲಿ

ಹೊಸ ಥರದ ಲೆಕ್ಕವನ್ನು ಮೊದಲ ದಿನವೇ "ನಾನೇ ಬಿಡಿಸುತ್ತೇನೆ" ಅಂತ ಹಟ ಹಿಡಿಯಬೇಡಿ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ಬೀಜಗಣಿತದ ಮೇಲೆ ಮಾಡಿದ ಕೆಲಸ ಹೇಳುವುದು, ಶುರುವಿನಲ್ಲಿ ಬಿಡಿಸಿದ ಲೆಕ್ಕವನ್ನು ಗಮನವಿಟ್ಟು ಓದಿದವರು ಬೇಗ ಕಲಿಯುತ್ತಾರೆ ಅಂತ. ಒಮ್ಮೆಗೆ ತಲೆಯಲ್ಲಿ ಹಿಡಿಯುವ ಜಾಗ ಕಮ್ಮಿ. ಎಲ್ಲವೂ ಹೊಸದಾಗಿದ್ದಾಗ ಹುಡುಕಾಟದಲ್ಲೇ ಅದು ತುಂಬಿಹೋಗುತ್ತೆ, ಕಲಿಯಲು ಜಾಗ ಉಳಿಯುವುದಿಲ್ಲ.

ಬಿಡಿಸಿದ ಲೆಕ್ಕವನ್ನು ಓದುವುದಕ್ಕೂ ಒಂದು ರೀತಿ ಇದೆ. ಕೆಳಗಿನ ಸಾಲುಗಳ ಮೇಲೆ ಒಂದು ಕಾಗದ ಇಟ್ಟು ಮುಚ್ಚಿ. ಒಂದು ಸಾಲು ಓದಿ, ಮುಂದೇನು ಬರಬಹುದು ಅಂತ ಊಹಿಸಿ, ಕಾಗದ ಜಾರಿಸಿ ನೋಡಿ. ಪ್ರತಿ ಸಾಲಿನ ಪಕ್ಕ "ಯಾಕೆ" ಅಂತ ಎರಡು ಪದ ಬರೆಯಿರಿ. ಇಂಥ ಎರಡು ಮೂರು ಆದ ಮೇಲೆ ಕೊನೆಯ ಹಂತವನ್ನು ನೀವೇ ಮಾಡಿ, ಆಮೇಲೆ ಕೊನೆಯ ಎರಡು ಹಂತ, ಆಮೇಲೆ ಪೂರ್ತಿ.

ಅಲ್ಲಿಂದ ಮುಂದೆ ಕಲಸಿ ಮಾಡಬೇಕು. ಗೈಡುಗಳಲ್ಲಿ ಒಂದೇ ಥರದ ಇಪ್ಪತ್ತು ಲೆಕ್ಕ ಸಾಲಾಗಿ ಇರುತ್ತೆ, ಮೂರನೆಯದಕ್ಕೇ ಕೈ ತಾನಾಗಿ ಓಡುತ್ತೆ, ತಲೆಗೆ ಕೆಲಸ ಇಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಬಗೆಯ ಆಕಾರದ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪು ಬಗೆಬಗೆಯಾಗಿ ವಿಂಗಡಿಸಿ ಮಾಡಿತು, ಇನ್ನೊಂದು ಕಲಸಿ ಮಾಡಿತು. ಅಭ್ಯಾಸದ ಹೊತ್ತಿಗೆ ವಿಂಗಡಿಸಿದವರದ್ದು 89 ಶೇಕಡಾ ಸರಿ, ಕಲಸಿದವರದ್ದು 60. ವಾರದ ನಂತರ ಪರೀಕ್ಷೆ ಕೊಟ್ಟರೆ ವಿಂಗಡಿಸಿದವರು 20, ಕಲಸಿದವರು 63. ಪರೀಕ್ಷೆಯಲ್ಲಿ ಇದು ಯಾವ ಬಗೆಯ ಲೆಕ್ಕ ಅಂತ ಮೇಲೆ ಬರೆದಿರುವುದಿಲ್ಲ ಅಲ್ವಾ, ಗುರುತಿಸುವುದನ್ನೂ ಅಭ್ಯಾಸ ಮಾಡಬೇಕು. ನಾಲ್ಕೈದು ಅಧ್ಯಾಯದ ಲೆಕ್ಕದ ನಂಬರುಗಳನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿ, ದಿನಕ್ಕೆ ಐದು ಎತ್ತಿ. ಮೊದಮೊದಲು ತಪ್ಪು ಜಾಸ್ತಿ ಬರುತ್ತೆ. ಬರಲಿ.

ಮತ್ತೆ ಯಾವಾಗ?

1885ರಲ್ಲೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಮರೆವಿನ ಲೆಕ್ಕ ಬರೆದಿಟ್ಟ. ಅರ್ಥವಿಲ್ಲದ ಅಕ್ಷರಗಳನ್ನು ಉರು ಹೊಡೆದರೆ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ, ಆಮೇಲೆ ಸೋರುವುದು ನಿಧಾನವಾಗುತ್ತೆ. ಅರ್ಥವಾದ ವಿಷಯ ಇದಕ್ಕಿಂತ ಹೆಚ್ಚು ನಿಲ್ಲುತ್ತೆ, ಆದರೆ ಅದೂ ಸೋರುತ್ತೆ. ಹಾಗಾಗಿ ಒಂದೇ ದಿನ ನಾಲ್ಕು ಗಂಟೆ ಕೂರುವ ಬದಲು ನಾಲ್ಕು ದಿನ ಒಂದೊಂದು ಗಂಟೆ ಕೂರುವುದು ಲಾಭ. ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು, ತಿಂಗಳು ಬಿಟ್ಟು. ಪ್ರತಿ ಸಲವೂ ಮೊದಲು ಖಾಲಿ ಹಾಳೆ, ಆಮೇಲೆ ಪುಸ್ತಕ.

ಸೂತ್ರ, ವ್ಯಾಖ್ಯೆ, ಇಸವಿ ಇಂಥವಕ್ಕೆ ಚೀಟಿ ಒಳ್ಳೆಯದು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಮೂರು ಡಬ್ಬ ಇಟ್ಟುಕೊಳ್ಳಿ. ಉತ್ತರ ಬಂದರೆ ಚೀಟಿ ಮುಂದಿನ ಡಬ್ಬಕ್ಕೆ, ಬರದಿದ್ದರೆ ಮತ್ತೆ ಮೊದಲಿನದಕ್ಕೆ. ಮೊದಲ ಡಬ್ಬ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಬಳಕೆಗೆ ತಂದ ರೀತಿ ಇದು, ಈಗಿನ ಫೋನ್ ಆ್ಯಪ್‌ಗಳೂ ಇದನ್ನೇ ಬೇರೆ ರೂಪದಲ್ಲಿ ಮಾಡುತ್ತವೆ. ದಿನಾ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಆ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಸೀಟು ಸಿಗದಿದ್ದರೂ ಕಂಬಿ ಹಿಡಿದು ನಿಂತೇ ನೆನಪು ಮಾಡಿಕೊಳ್ಳಬಹುದು. ಘಟ್ಟದ ದಾರಿಯಲ್ಲಿ ಮಾತ್ರ ಚೀಟಿ ನೋಡಬೇಡಿ, ತಲೆ ತಿರುಗುತ್ತೆ. ದೇವಿಮನೆ ಘಟ್ಟ ಇಳಿಯುವಾಗ ಕಣ್ಣು ಮುಚ್ಚಿಕೊಂಡು ಬೆಳಿಗ್ಗೆ ಓದಿದ್ದನ್ನು ಮನಸ್ಸಲ್ಲೇ ಹೇಳಿಕೊಳ್ಳಿ.

ನಿದ್ದೆ ಕೆಡಬೇಡಿ. ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರ ದೊಡ್ಡದು. ಮಳೆಗಾಲದಲ್ಲಿ ಕರೆಂಟು ಹೋಗಿ ರಾತ್ರಿ ಓದು ನಿಂತರೆ ಬೇಜಾರು ಬೇಡ, ಮಲಗಿ ಬೆಳಿಗ್ಗೆ ಬೇಗ ಏಳಿ.

ಬೇರೆಯವರಿಗೆ ಹೇಳಿ, ಬೇರೆಯವರನ್ನು ಕೇಳಿ

ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯವರೆಲ್ಲ ಸುಲಿಯಲು ಕೂರುತ್ತಾರಲ್ಲ, ಆ ಹೊತ್ತಿಗೆ ಆಯಿಗೋ ಅಜ್ಜನಿಗೋ ನೀವು ಕಲಿತದ್ದನ್ನು ಹೇಳಿ. ಅವರು ಪಿಯುಸಿ ಓದಿರಬೇಕು ಅಂತೇನಿಲ್ಲ. "ಹಂಗಾರೆ ಆಚೆ ಬದಿ ನೀರನ್ನ ಎಳಿಯೋದು ಯಾರು?" ಅಂತ ಆಯಿ ಒಂದು ಪ್ರಶ್ನೆ ಕೇಳಿದರೆ ಸಾಕು, ನಿಮ್ಮ ತಿಳಿವು ಎಲ್ಲಿಯ ತನಕ ಇದೆ ಗೊತ್ತಾಗಿಬಿಡುತ್ತೆ. ಪಾರಿಭಾಷಿಕ ಪದ ಬಳಸದೆ ಹೇಳಲು ಪ್ರಯತ್ನಿಸಿ. ಮಾತು ಎಲ್ಲಿ ತಡವರಿಸುತ್ತೋ ಗಂಟು ಅಲ್ಲಿದೆ.

ಇನ್ನು ಮೇಷ್ಟ್ರನ್ನು ಕೇಳುವುದು. "ಸರ್, ಗುರುತ್ವದ ಪಾಠ ಅರ್ಥ ಆಗಿಲ್ಲ" ಅಂದರೆ ಅವರು ಪಾಪ ಏನು ಮಾಡಬೇಕು? ಮೊದಲಿನಿಂದ ಮತ್ತೆ ಅದನ್ನೇ ಹೇಳುತ್ತಾರೆ, ನೀವು ತಲೆಯಾಡಿಸಿ ಬರುತ್ತೀರಿ. ಅದರ ಬದಲು ಹೀಗೆ ಕೇಳಿ: "ಸರ್, ಸೆಳೆತ ದೂರದ ವರ್ಗಕ್ಕೆ ತಕ್ಕ ಹಾಗೆ ಕಮ್ಮಿ ಆಗುತ್ತೆ ಅನ್ನೋದು ಗೊತ್ತಾಯ್ತು. ಆದರೆ ಉಬ್ಬರದ ಸೂತ್ರದಲ್ಲಿ ದೂರದ ಘನ ಇದೆ. ಅದು ಎಲ್ಲಿಂದ ಬಂತು?" ಇಂಥ ಪ್ರಶ್ನೆಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಐದು ನಿಮಿಷದಲ್ಲಿ ಉತ್ತರ ಸಿಗುತ್ತೆ. ಗೊತ್ತಿರುವುದು ಎಲ್ಲಿಯ ತನಕ ಅಂತ ಮೊದಲು ಹೇಳಿ, ಆಮೇಲೆ ಗಂಟು ತೋರಿಸಿ. ಮುಂದಿನ ಬೆಂಚಿನವರಷ್ಟೇ ಪ್ರಶ್ನೆ ಕೇಳುವುದು ಅಂತ ಯಾವ ಕಾನೂನೂ ಇಲ್ಲ. ಎಲ್ಲರೆದುರು ಕೇಳಲು ಹೆದರಿಕೆ ಆದರೆ ಚೀಟಿಯಲ್ಲಿ ಬರೆದು ಕೊಡಿ.

ಫೋನಿನಲ್ಲಿ ಕೇಳಿದರೂ ಇದೇ ನಿಯಮ. ವಿಡಿಯೋ ಆಗಲಿ, ಎಐ ಆಗಲಿ, ಮೊದಲು ನಿಮ್ಮ ಉತ್ತರವನ್ನು ಎರಡು ಸಾಲಲ್ಲಿ ಬರೆದುಕೊಂಡು ಆಮೇಲೆ ನೋಡಿ. ಉತ್ತರ ಓದಿ "ಹೌದು ಹೌದು" ಅನ್ನುವುದು ಎರಡನೇ ಸಲ ಓದಿದ ಪುಸ್ತಕದ ಹಾಗೆಯೇ ಮೋಸ ಮಾಡುತ್ತೆ. ಅಲ್ಲಿ ಬಂದ ಉತ್ತರ ಸರಿಯೋ ತಪ್ಪೋ ಅಂತ ಪುಸ್ತಕದ ಜೊತೆ ತಾಳೆ ನೋಡುವುದೂ ನಿಮ್ಮದೇ ಕೆಲಸ.

ಬಿಡದ ಗಂಟು

ಕೆಲವು ಬಿಡುವುದೇ ಇಲ್ಲ. ಒಂದು ಗಂಟೆ ಗುದ್ದಾಡಿ, ಮರುದಿನ ಇನ್ನೊಮ್ಮೆ ನೋಡಿ, ಬೇರೆ ಲೇಖಕರ ಪುಸ್ತಕದಲ್ಲಿ ಅದೇ ಭಾಗ ಓದಿ. ಒಬ್ಬರು ಚಿತ್ರ ಬರೆದು ಹೇಳಿದ್ದನ್ನು ಇನ್ನೊಬ್ಬರು ಅಂಕಿ ಹಾಕಿ ಹೇಳಿರುತ್ತಾರೆ, ಎಷ್ಟೋ ಸಲ ಅಷ್ಟರಲ್ಲೇ ಬಿಡುತ್ತೆ. ಇದಕ್ಕಾಗಿ ಹೊಸ ಪುಸ್ತಕ ಕೊಳ್ಳಬೇಕಾಗಿಲ್ಲ, ಕಾಲೇಜಿನ ಲೈಬ್ರರಿ, ಊರಿನ ಸಾರ್ವಜನಿಕ ಗ್ರಂಥಾಲಯ, ಸೀನಿಯರ್‌ಗಳ ಹಳೆಯ ಪುಸ್ತಕ ಸಾಕು. ಮೂರು ದಿನವಾದರೂ ಆಗಲಿಲ್ಲ ಅಂದರೆ ಆ ಸಾಲನ್ನು ಪೂರ್ತಿ ಪ್ರಶ್ನೆಯಾಗಿ ಹಿಂದಿನ ಪುಟದಲ್ಲಿ ಬರೆದು, ಪುಟದ ನಂಬರು ಹಾಕಿ, ಸದ್ಯಕ್ಕೆ ಅದು ನಿಜ ಅಂತ ಒಪ್ಪಿಕೊಂಡು ಮುಂದೆ ಹೋಗಿ. ಆದರೆ ಒಪ್ಪಿಕೊಂಡದ್ದು ಅಂತ ಗುರುತು ಇರಲಿ, ಅರ್ಥವಾದದ್ದರ ಜೊತೆ ಸೇರಿಸಬೇಡಿ. ಎರಡು ಅಧ್ಯಾಯ ಮುಗಿದ ಮೇಲೆ ಹಿಂದಿನ ಪುಟ ತೆರೆದು, ಬರೆದಿಟ್ಟ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಕೂತುಕೊಳ್ಳಿ. ಬಂದವನ್ನು ಹೊಡೆದುಹಾಕಿ, ಬರದವನ್ನು ಸೋಮವಾರ ಮೇಷ್ಟ್ರ ಹತ್ತಿರ ಒಯ್ಯಿರಿ.